ಗೋಡೆ ಹತ್ತೋಕೆ ಮೊದಲು ಬೀಳೋದು ಕಲಿಯಿರಿ

ಹೊಸ ತಿಪ್ಪಸಂದ್ರ, ಇಂದಿರಾನಗರ, ಜೀವನ್ ಬಿಮಾ ನಗರದ ಕಡೆಯವರ ವೀಕೆಂಡ್ ಪ್ಲಾನ್‌ನಲ್ಲಿ ಈಗ 'ಗೋಡೆ ಹತ್ತೋದು' ಕೂಡ ಸೇರಿಕೊಂಡಿದೆ. ಒಳಾಂಗಣ ಕ್ಲೈಂಬಿಂಗ್ ಅಂದರೆ ಇಷ್ಟೇ: ಪ್ಲೈವುಡ್ ಗೋಡೆ, ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ಬಣ್ಣ ಬಣ್ಣದ ಹಿಡಿಕೆಗಳು, ಕೆಳಗೆ ಮ್ಯಾಟ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಸಲ ಪದಕದ ಕ್ರೀಡೆಯಾಯಿತು. ಇನ್‌ಸ್ಟಾಗ್ರಾಂ ರೀಲ್‌ಗಳು ಉಳಿದ ಪ್ರಚಾರ ಮಾಡಿದವು.

ಹೊಸದಾಗಿ ಶುರು ಮಾಡುವವರು ನನ್ನ ಹತ್ತಿರ ಕೇಳುವ ಪ್ರಶ್ನೆ ಒಂದೇ: 'ಧೈರ್ಯ ಬೇಕಾ?' ನನ್ನ ಪ್ರಕಾರ ಇದು ತಪ್ಪು ಪ್ರಶ್ನೆ. ಕೇಳಬೇಕಾದ್ದು, 'ಬಿದ್ದರೆ ಏನಾಗುತ್ತೆ, ಯಾರು ಹಿಡೀತಾರೆ, ಹಿಡಿಯೋ ವ್ಯವಸ್ಥೆಯನ್ನು ಯಾರು ಪರೀಕ್ಷಿಸಿದ್ದಾರೆ?' ಈ ಮೂರಕ್ಕೆ ಉತ್ತರ ಗೊತ್ತಿದ್ದರೆ ಸಾಧಾರಣ ಧೈರ್ಯ ಸಾಕು. ಗೊತ್ತಿಲ್ಲದಿದ್ದರೆ ಎಷ್ಟು ಧೈರ್ಯ ಇದ್ದರೂ ಕೆಲಸಕ್ಕೆ ಬರಲ್ಲ.

ನಮ್ಮಲ್ಲಿ ಕ್ಲೈಂಬಿಂಗ್ ಅಂದ ತಕ್ಷಣ ನೆನಪಾಗೋದು ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ, ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್. ಅವರದ್ದು ಬೇರೆಯೇ ಲೋಕ. ಅದನ್ನು ನೋಡಿ ಬೆರಗಾಗಬಹುದು, ಆದರೆ ಮೊದಲ ದಿನದ ಪಾಠ ಅದಲ್ಲ.

ಮೂರು ಮೀಟರ್‌ನ ಲೆಕ್ಕ

ಒಳಾಂಗಣದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬೌಲ್ಡರಿಂಗ್: ಹಗ್ಗ ಇಲ್ಲ, ಗೋಡೆ ಸಾಮಾನ್ಯವಾಗಿ ನಾಲ್ಕು–ನಾಲ್ಕೂವರೆ ಮೀಟರ್ ಒಳಗೆ, ಬಿದ್ದರೆ ಮ್ಯಾಟ್ ಮೇಲೆ. ಇನ್ನೊಂದು ಹಗ್ಗದ ಕ್ಲೈಂಬಿಂಗ್: ಗೋಡೆ ಎತ್ತರ, ಸೊಂಟಕ್ಕೆ ಹಾರ್ನೆಸ್, ಹಗ್ಗದ ಇನ್ನೊಂದು ತುದಿಯನ್ನು ಹಿಡಿದಿರುವ ಜೊತೆಗಾರ. ಆ ಹಿಡಿಯುವ ಕೆಲಸಕ್ಕೆ ಬಿಲೇ ಅಂತಾರೆ.

ಹಗ್ಗ ಇಲ್ಲ, ಎತ್ತರ ಕಡಿಮೆ, ಹಾಗಾಗಿ ಬೌಲ್ಡರಿಂಗ್ ಸಲೀಸು ಅಂತ ಅನ್ನಿಸುತ್ತೆ. ಆದರೆ ಬೌಲ್ಡರಿಂಗ್‌ನಲ್ಲಿ ಪ್ರತಿ ಬೀಳುವಿಕೆಯೂ ನೆಲದವರೆಗಿನ ಬೀಳುವಿಕೆ. ಇಂಜಿನಿಯರಿಂಗ್‌ನಲ್ಲಿ ಓದಿದ್ದು ಪತ್ರಕರ್ತನಿಗೆ ಉಪಯೋಗಕ್ಕೆ ಬರೋದು ಅಪರೂಪ. ಇಲ್ಲಿ ಬರುತ್ತೆ, ಲೆಕ್ಕ ನೋಡಿ. ಮೂರು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿ.ಮೀ. ಈ ವೇಗವನ್ನು ದೇಹ ಎಷ್ಟು ದೂರದಲ್ಲಿ ಸೊನ್ನೆಗೆ ಇಳಿಸುತ್ತೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ಗಟ್ಟಿ ನೆಲದ ಮೇಲೆ ಕಾಲು ಸೆಟೆದು ಐದು ಸೆಂಟಿಮೀಟರ್‌ನಲ್ಲಿ ನಿಂತರೆ ಸರಾಸರಿ ಬಲ ನಿಮ್ಮ ತೂಕದ 61 ಪಟ್ಟು. ಮ್ಯಾಟ್ 30 ಸೆಂ.ಮೀ. ತಗ್ಗಿದರೆ 11 ಪಟ್ಟು. ಅದರ ಜೊತೆಗೆ ಮೊಣಕಾಲನ್ನೂ ಬಗ್ಗಿಸಿ ಒಟ್ಟು 90 ಸೆಂ.ಮೀ.ನಲ್ಲಿ ನಿಂತರೆ ನಾಲ್ಕು ಪಟ್ಟು ಚಿಲ್ಲರೆ.

ಅಂದರೆ ಮ್ಯಾಟ್ ಅರ್ಧ ಕೆಲಸ ಮಾತ್ರ ಮಾಡುತ್ತೆ. ಉಳಿದರ್ಧ ನಿಮ್ಮ ಮೊಣಕಾಲಿನದ್ದು.

ಗರಡಿ ಮನೆಯಲ್ಲಿ ಮಣ್ಣು ಹದ ಮಾಡಿ, ಬೀಳೋದನ್ನು ಕಲಿಸಿ, ಆಮೇಲೆ ಪಟ್ಟು ಹೇಳಿಕೊಡುತ್ತಾರೆ. ಇಲ್ಲೂ ಹಾಗೇ ಆಗಬೇಕು. ಎರಡೂ ಪಾದ ಒಟ್ಟಿಗೆ ಊರಬೇಕು, ಮೊಣಕಾಲು ಬಗ್ಗಬೇಕು, ಆಮೇಲೆ ಬೆನ್ನಿನ ಮೇಲೆ ಉರುಳಬೇಕು. ಗದ್ದ ಎದೆಯ ಕಡೆಗೆ, ಕೈಗಳು ಎದೆಯ ಮೇಲೆ. ಹಿಂದಕ್ಕೆ ಬೀಳುವಾಗ ಕೈ ಊರೋದು ಸಹಜ ಪ್ರತಿಕ್ರಿಯೆ, ಮಣಿಕಟ್ಟು, ಮೊಣಕೈ ಮುರಿಯೋದೂ ಅದರಿಂದಲೇ. ಮೊದಲು ಅರ್ಧ ಮೀಟರ್‌ನಿಂದ, ಆಮೇಲೆ ಒಂದು ಮೀಟರ್‌ನಿಂದ ಬಿದ್ದು ಅಭ್ಯಾಸ ಮಾಡಿ. 'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಅನ್ನೋ ಜಂಬ ಇಲ್ಲಿ ಬೇಡ. ಮೀಸೆ ಮಣ್ಣಾಗಲಿ, ಮೂಳೆ ಉಳಿಯಲಿ.

ತುದಿ ಮುಟ್ಟಿದ ಮೇಲೆ ಅಲ್ಲಿಂದ ಹಾರಬೇಕು ಅಂತೇನೂ ಇಲ್ಲ. ದೊಡ್ಡ ಹಿಡಿಕೆಗಳನ್ನು ಹಿಡಿದು ಇಳಿಯಿರಿ, ಆದಷ್ಟು ಕೆಳಗೆ ಬಂದು ಕೈ ಬಿಡಿ. ಕೆಳಗಿರುವವರಿಗೂ ನಿಯಮ ಇದೆ: ಹತ್ತುತ್ತಿರುವವರ ಅಡಿಯಲ್ಲಿ ನಿಲ್ಲಬೇಡಿ, ಮ್ಯಾಟ್ ಮೇಲೆ ನೀರಿನ ಬಾಟಲಿ, ಫೋನ್ ಇಡಬೇಡಿ. ಉಂಗುರ, ಬಳೆ ತೆಗೆದಿಡಿ. ಉಂಗುರ ಹಿಡಿಕೆಗೆ ಸಿಕ್ಕಿಕೊಂಡು ದೇಹ ಕೆಳಗೆ ಜಾರಿದರೆ ಬೆರಳಿನ ಚರ್ಮವೇ ಕಿತ್ತುಬರಬಹುದು.

ಹಗ್ಗ ನಂಬಿ, ಗಂಟು ಪರೀಕ್ಷಿಸಿ

ಹಗ್ಗದ ಕ್ಲೈಂಬಿಂಗ್‌ನಲ್ಲಿ ಬಳಸುವ ಡೈನಮಿಕ್ ಹಗ್ಗ ಬಾವಿ ಹಗ್ಗದ ಥರ ಅಲ್ಲ. ಅದು ಬಿದ್ದ ರಭಸಕ್ಕೆ ಹಿಗ್ಗುತ್ತೆ, ಹಿಗ್ಗಿ ಆಘಾತವನ್ನು ನುಂಗುತ್ತೆ. ಸಲಕರಣೆ ಕೈಕೊಡೋದು ಬಹಳ ಅಪರೂಪ. ಅದನ್ನು ಸರಿಯಾಗಿ ಹಾಕಿಕೊಳ್ಳದೆ ಇರೋದು ಅಷ್ಟು ಅಪರೂಪ ಅಲ್ಲ.

ಇದಕ್ಕೆ ಲಿನ್ ಹಿಲ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಜಗತ್ತಿನ ಅತ್ಯುತ್ತಮ ಕ್ಲೈಂಬರ್‌ಗಳಲ್ಲಿ ಒಬ್ಬರಾದ ಅಮೆರಿಕದ ಈಕೆ 1989ರಲ್ಲಿ ಫ್ರಾನ್ಸ್‌ನ ಬ್ಯೂಕ್ಸ್ ಎಂಬಲ್ಲಿ ಹತ್ತುವಾಗ ಹಾರ್ನೆಸ್‌ಗೆ ಹಾಕುತ್ತಿದ್ದ ಗಂಟನ್ನು ಪೂರ್ತಿ ಮಾಡದೆ ಮರೆತುಬಿಟ್ಟರು. ಮೇಲೆ ಹೋಗಿ, ಇಳಿಯೋಕೆ ಅಂತ ಹಗ್ಗಕ್ಕೆ ಭಾರ ಬಿಟ್ಟಾಗ ಗಂಟು ಬಿಚ್ಚಿಕೊಂಡಿತು. 20 ಮೀಟರ್‌ಗೂ ಹೆಚ್ಚು ಎತ್ತರದಿಂದ ಬಿದ್ದರು, ಮರವೊಂದು ಅಡ್ಡ ಸಿಕ್ಕಿ ಬದುಕಿದರು. ನಾಲ್ಕು ವರ್ಷದ ನಂತರ, 1993ರಲ್ಲಿ, ಎಲ್ ಕ್ಯಾಪಿಟನ್ ಬಂಡೆಯ 'ನೋಸ್' ಮಾರ್ಗವನ್ನು ಫ್ರೀ ಕ್ಲೈಂಬಿಂಗ್ ವಿಧಾನದಲ್ಲಿ ಹತ್ತಿದ ಮೊದಲ ವ್ಯಕ್ತಿ ಎನಿಸಿಕೊಂಡರು. ಇಂಥವರೇ ಗಂಟು ಮರೆಯಬಹುದು ಅಂದಮೇಲೆ ಅನುಭವವನ್ನೇ ರಕ್ಷಣೆ ಅಂತ ನಂಬೋದು ಹೇಗೆ? ನಮ್ಮನ್ನು ಕಾಯೋದು ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸುವ ಅಭ್ಯಾಸ.

ಹಾಗಾಗಿ ಪ್ರತಿ ಸಲ, ನೂರನೇ ಸಲವೂ, ಹತ್ತೋಕೆ ಮೊದಲು ಇಬ್ಬರೂ ಒಬ್ಬರದ್ದೊಬ್ಬರು ನೋಡಬೇಕಾದ್ದು ಇಷ್ಟು. ಹಾರ್ನೆಸ್ ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂತಿದೆಯಾ, ಬಕಲ್ ಸರಿಯಿದೆಯಾ? 8ರ ಆಕಾರದ ಗಂಟು ಹಾರ್ನೆಸ್‌ನ ಎರಡೂ ಕುಣಿಕೆಗಳ ಮೂಲಕ ಹಾದು, ಪೂರ್ತಿಯಾಗಿ, ಸಾಕಷ್ಟು ಬಾಲ ಬಿಟ್ಟುಕೊಂಡು ಇದೆಯಾ? ಬಿಲೇ ಸಾಧನದೊಳಗೆ ಹಗ್ಗ ಸರಿಯಾದ ದಿಕ್ಕಿನಲ್ಲಿ ಹೋಗಿದೆಯಾ? ಕ್ಯಾರಬೈನರ್ ಲಾಕ್ ಆಗಿದೆಯಾ? ಬಾಯಲ್ಲಿ ಹೇಳಿದರೆ ಸಾಲದು, ಮುಟ್ಟಿ, ಎಳೆದು ನೋಡಬೇಕು. ಇನ್ನೊಬ್ಬರ ಹಾರ್ನೆಸ್ ಮುಟ್ಟೋಕೆ ಮೊದಲು 'ನೋಡ್ಲಾ?' ಅಂತ ಕೇಳಿ. ಅದಕ್ಕೆ ಅರ್ಧ ಸೆಕೆಂಡ್ ಸಾಕು.

ಬಿಲೇ ಮಾಡುವವರಿಗೆ ಒಂದೇ ಮಂತ್ರ: ಬ್ರೇಕ್ ಕೈ, ಅಂದರೆ ಸಾಧನದಿಂದ ಹೊರಬರುವ ಹಗ್ಗವನ್ನು ಹಿಡಿದ ಕೈ, ಯಾವ ಕಾರಣಕ್ಕೂ ಹಗ್ಗ ಬಿಡಬಾರದು. ತಾನೇ ಹಿಡಿದುಕೊಳ್ಳುವ ಸಾಧನಗಳಿದ್ದರೂ ಬಿಡಬಾರದು. ಹತ್ತುವವರಿಗಿಂತ ನೀವು ತುಂಬಾ ಹಗುರ ಇದ್ದರೆ ಅವರು ಬಿದ್ದಾಗ ನೀವೇ ಮೇಲಕ್ಕೆ ಹೋಗ್ತೀರಿ, ಇದನ್ನು ಮೊದಲೇ ಟ್ರೈನರ್‌ಗೆ ಹೇಳಿ. ಜೊತೆಗಾರರಿಲ್ಲದೆ ಆಟೋ ಬಿಲೇ ಯಂತ್ರದಲ್ಲಿ ಹತ್ತುವವರು ಅದರ ಕೊಕ್ಕೆ ಹಾಕಿಕೊಂಡಿದ್ದೀವಾ ಅಂತ ಎರಡು ಸಲ ನೋಡಬೇಕು. ಕೊಕ್ಕೆ ಮರೆತೇ ಹತ್ತಿಬಿಡೋದು ಎಲ್ಲ ಕಡೆಯ ಜಿಮ್‌ಗಳಿಗೂ ಗೊತ್ತಿರುವ ಅಪಾಯ.

ಕೂಗುವ ಮಾತುಗಳನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಇಂಗ್ಲಿಷ್ ಕಮಾಂಡ್‌ಗಳೇ ಬೇಕು ಅಂತ ಯಾವ ಭೌತಶಾಸ್ತ್ರದ ನಿಯಮವೂ ಇಲ್ಲ. 'ಹಿಡಿದಿದ್ದೀರಾ?' 'ಹಿಡಿದಿದ್ದೀನಿ, ಹತ್ತಿ.' ಇಬ್ಬರಿಗೂ ಗಾಬರಿಯಲ್ಲೂ ಅರ್ಥವಾಗುವ ಭಾಷೆಯೇ ಸುರಕ್ಷಿತ ಭಾಷೆ.

ಬೆರಳು ಸಮಯ ಕೇಳುತ್ತೆ

ಹೊಸಬರು ಹಿಡಿಕೆಯನ್ನು ಉಡದ ಪಟ್ಟಿನಂತೆ ಹಿಡೀತಾರೆ. ಹತ್ತು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತೆ. ಭಾರವನ್ನು ಕಾಲಿಗೆ ಕೊಡಿ. ತೋಳು ನೀಳವಾಗಿರಲಿ, ಮೇಲಕ್ಕೆ ತಳ್ಳುವ ಕೆಲಸ ತೊಡೆ ಮಾಡಲಿ. ಸ್ನಾಯು ಕೆಲವೇ ವಾರದಲ್ಲಿ ಬಲಿಯಬಹುದು, ಬೆರಳಿನ ಸ್ನಾಯುರಜ್ಜುಗಳು ಬಲಿಯೋಕೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕು. ಈ ಅಂತರದಲ್ಲೇ ಉತ್ಸಾಹಿಗಳ ಬೆರಳು ನೋಯಿಸಿಕೊಳ್ಳೋದು. ಮೊದಲ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ, ನಡುವೆ ವಿಶ್ರಾಂತಿ. ಬೆರಳ ತುದಿಯಲ್ಲಿ ನೇತಾಡುವ ಕಸರತ್ತುಗಳು ಸದ್ಯಕ್ಕೆ ಬೇಡ. ಬೆರಳಲ್ಲಿ 'ಟಕ್' ಅಂತ ಸದ್ದಾಗಿ ನೋವು ಬಂದರೆ ಅವತ್ತಿಗೆ ಹತ್ತೋದು ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ.

ಸಹಿ ಹಾಕುವ ಕಾಗದ

ಜಿಮ್‌ಗೆ ಕಾಲಿಟ್ಟ ತಕ್ಷಣ ಒಂದು ಫಾರಂ ಕೊಡ್ತಾರೆ: 'ಏನಾದರೂ ಆದರೆ ನಾವು ಹೊಣೆಯಲ್ಲ.' ಓದದೆ ಸಹಿ ಹಾಕೋದು ನಮ್ಮ ರಾಷ್ಟ್ರೀಯ ಅಭ್ಯಾಸ. ಓದಿ. ಕ್ಲೈಂಬಿಂಗ್‌ನಲ್ಲಿ ಸಹಜವಾಗಿ ಇರುವ ಅಪಾಯವನ್ನು ಒಪ್ಪಿಕೊಳ್ಳೋದು ಬೇರೆ, ಜಿಮ್‌ನವರ ನಿರ್ಲಕ್ಷ್ಯವನ್ನು ಒಪ್ಪಿಕೊಳ್ಳೋದು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಯಲ್ಲಿನ ನ್ಯೂನತೆಯ ವ್ಯಾಖ್ಯೆಯಲ್ಲೇ ಗ್ರಾಹಕರಿಗೆ ಹಾನಿ ಮಾಡುವ ನಿರ್ಲಕ್ಷ್ಯವನ್ನು ಸೇರಿಸಿದೆ. ಗ್ರಾಹಕರ ಹಕ್ಕನ್ನು ಕಸಿಯುವ ಅನ್ಯಾಯದ ಒಪ್ಪಂದಗಳನ್ನು ರಾಜ್ಯ ಗ್ರಾಹಕ ಆಯೋಗದ ಮುಂದೆ ಪ್ರಶ್ನಿಸೋಕೂ ಅವಕಾಶ ಇದೆ.

ಆದರೆ ಕೋರ್ಟು ಮುರಿದ ಕಾಲನ್ನು ಜೋಡಿಸಲ್ಲ. ಹಾಗಾಗಿ ದುಡ್ಡು ಕೊಡೋಕೆ ಮೊದಲೇ ಕಣ್ಣಾಡಿಸಿ. ಮ್ಯಾಟ್‌ಗಳ ನಡುವೆ ಪಾದ ಸಿಕ್ಕಿಕೊಳ್ಳುವಷ್ಟು ಸಂದಿ ಇದೆಯಾ? ಹಿಡಿಕೆಗಳು ತಿರುಗುತ್ತವಾ? ಹೊಸಬರಿಗೆ ಬೀಳೋದನ್ನು ಹೇಳಿಕೊಡ್ತಾರಾ, ಇಲ್ಲಾ ಶೂ ಕೊಟ್ಟು 'ಹತ್ತಿ' ಅಂತಾರಾ? ಹಗ್ಗ ಯಾವಾಗ ಕೊಂಡಿದ್ದು, ಯಾವಾಗ ಬದಲಾಯಿಸ್ತೀರಿ ಅಂತ ಕೇಳಿದರೆ ಉತ್ತರ ಬರುತ್ತಾ, ನಗು ಬರುತ್ತಾ? ಯುರೋಪಿನಲ್ಲಿ ಕೃತಕ ಕ್ಲೈಂಬಿಂಗ್ ಗೋಡೆಗಳಿಗೇ ಇಎನ್ 12572 ಅನ್ನೋ ಮಾನದಂಡ ಇದೆ. ನಿಮ್ಮ ಗೋಡೆ ಯಾವ ಮಾನದಂಡದ ಪ್ರಕಾರ ಕಟ್ಟಿದ್ದು ಅಂತ ಕೇಳೋದು ಕಿರಿಕ್ ಅಲ್ಲ. ಮೊದಲ ದಿನದ ಹುಡುಗಿ ಹತ್ತು ವರ್ಷ ಅನುಭವದ ಟ್ರೈನರ್‌ಗೆ 'ಸರ್, ನಿಮ್ಮ ಗಂಟು ಇನ್ನೊಮ್ಮೆ ನೋಡ್ತೀನಿ' ಅನ್ನಬಹುದಾದ ಜಾಗವೇ ಒಳ್ಳೆಯ ಜಿಮ್.

ಖಾಸಗಿ ಜಿಮ್‌ನ ಶುಲ್ಕ ಎಲ್ಲರ ಜೇಬಿಗೆ ಒಗ್ಗಲ್ಲ. ಇಂದಿರಾನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕಂಠೀರವ ಕ್ರೀಡಾಂಗಣ ಹತ್ತಿರ. ಅಲ್ಲಿನ ಕ್ಲೈಂಬಿಂಗ್ ಗೋಡೆಯಲ್ಲೇ ಈ ಊರಿನ ಎಷ್ಟೋ ಕ್ಲೈಂಬರ್‌ಗಳು ತಯಾರಾದರು. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಇದೆ. ಪೋಲಿಯೊಗೆ ತುತ್ತಾದ ಬೆಂಗಳೂರಿನ ಮಣಿಕಂಡನ್ ಕುಮಾರ್ 2012ರಲ್ಲಿ ಪ್ಯಾರಿಸ್‌ನ ಪ್ಯಾರಾಕ್ಲೈಂಬಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದರು. ಇಂಥ ಸಾರ್ವಜನಿಕ ಗೋಡೆ ಜಿಲ್ಲೆಗೊಂದು ಬೇಕು ಅಂತ ಕೇಳೋದೂ ನಮ್ಮ ಕೆಲಸವೇ.

ಎದುರಿನ ಕಟ್ಟಡ

ಇದನ್ನೆಲ್ಲ ಕಲಿತ ಮೇಲೆ ಒಂದು ತೊಂದರೆ ಇದೆ: ಕಣ್ಣು ಸುಮ್ಮನಿರಲ್ಲ. ಹೊಸ ತಿಪ್ಪಸಂದ್ರದ ಮೂವತ್ತು–ನಲವತ್ತರ ಸೈಟುಗಳಲ್ಲಿ ಏಳುವ ಪಿಜಿ ಕಟ್ಟಡಗಳಿಗೆ ಬಣ್ಣ ಬಳಿಯುವವರನ್ನು ನೋಡಿ. ಮೂರನೇ ಮಹಡಿಯ ಎತ್ತರದಲ್ಲಿ ಸಾರ್ವೆಯ ಮೇಲೆ ನಿಂತಿರ್ತಾರೆ, ಇಲ್ಲವೇ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತಿರ್ತಾರೆ. ಎಷ್ಟೋ ಕಡೆ ಹಾರ್ನೆಸ್ ಇಲ್ಲ, ಎರಡನೇ ಹಗ್ಗ ಇಲ್ಲ, ಗಂಟು ಪರೀಕ್ಷಿಸುವ ಜೊತೆಗಾರ ಇಲ್ಲ, ಕೆಳಗೆ ಮ್ಯಾಟ್ ಅಂತೂ ಇಲ್ಲವೇ ಇಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬರೆಯುವಾಗಲೇ ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕೆಲಸವನ್ನು ಹೊರಗಿಟ್ಟಿತ್ತು. ನಾಲ್ಕು ಜನ ಪೇಂಟರ್‌ಗಳ ತಂಡ ಯಾವ ಲೆಕ್ಕಕ್ಕೆ?

ಮೂರು ಮೀಟರ್‌ಗೆ 28 ಕಿ.ಮೀ. ಅನ್ನೋ ಲೆಕ್ಕ ಅವರಿಗೂ ಅದೇ. ನಾವು ಮೋಜಿಗೆ ಹತ್ತುವಾಗ ಕೇಳುವ ಪ್ರಶ್ನೆಗಳನ್ನು ಹೊಟ್ಟೆಪಾಡಿಗೆ ಹತ್ತುವವರ ಪರವಾಗಿಯೂ ಕೇಳಬಹುದು. ನಿಮ್ಮ ಪಿಜಿ ಮಾಲೀಕರಿಗೆ, ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ, ಪೇಂಟಿಂಗ್ ಕೊಟೇಶನ್ ಬಂದ ದಿನ ಕೇಳಿ: 'ಇದರಲ್ಲಿ ಹಾರ್ನೆಸ್‌ಗೆ ಎಷ್ಟು ಇಟ್ಟಿದ್ದೀರಿ?'