ಗಾಯಕ್ಕೆ ಮೊದಲು ನೀರು

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಸೀಮೆಯಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲ ಬಂತೆಂದರೆ ಸೌದೆ ಸೀಳುವ ಕೊಡಲಿಗೆ ಬಿಡುವಿರುವುದಿಲ್ಲ. ಕೃಷ್ಣರಾಜನಗರದ ಗದ್ದೆಗಳಲ್ಲಿ ಕುಡುಗೋಲು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಮುಳ್ಳು. ಕೈಕಾಲಿಗೆ ಗಾಯವಾಗದೆ ಬೇಸಾಯ ಸಾಗುವುದುಂಟೆ? ಹಿಂದೆ ಗಾಯಕ್ಕೆ ಅರಿಸಿನವನ್ನೋ ಕಾಫಿಪುಡಿಯನ್ನೋ ಮೆತ್ತುತ್ತಿದ್ದರು. ಈಗ ಎರಡು ಕ್ಯಾಪ್ಸೂಲು ತಂದು, ಒಂದನ್ನು ನುಂಗಿ, ಇನ್ನೊಂದನ್ನು ಬಿಚ್ಚಿ ಪುಡಿಯನ್ನು ಗಾಯದ ಮೇಲೆ ಉದುರಿಸುವವರಿದ್ದಾರೆ. ಮದ್ದು ಬದಲಾಯಿತು, ಮೆತ್ತುವ ಚಾಳಿ ಬದಲಾಗಲಿಲ್ಲ.

ಕೀವಾಗದಿರಲೆಂದು ಮುಂಚಿತವಾಗಿ ಆಂಟಿಬಯಾಟಿಕ್ ನುಂಗಿದರೆ ತಪ್ಪೇನು ಎಂದು ಕೇಳಬಹುದು. ಆರೋಗ್ಯವಂತರ ಸಾಧಾರಣ ಗಾಯವನ್ನು ಚೆನ್ನಾಗಿ ತೊಳೆದು ಕಟ್ಟಿದ್ದರೆ, ಈ ಔಷಧ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಪರೀಕ್ಷೆಗಳಲ್ಲಿ ಕಂಡಿಲ್ಲ. ನುಂಗಿದ ಮದ್ದು ರಕ್ತದ ದಾರಿಯಲ್ಲೇ ಗಾಯವನ್ನು ಸೇರಬೇಕು. ರೋಗಾಣು ಅಡಗುವುದಾದರೋ ಮಣ್ಣಿನ ಕಣದಲ್ಲಿ, ಸೌದೆಯ ಸಿಬಿರಿನಲ್ಲಿ, ಜಜ್ಜಿ ಸತ್ತ ಮಾಂಸದಲ್ಲಿ; ಅಲ್ಲಿಗೆ ರಕ್ತವೇ ಹರಿಯದು. ಅದನ್ನು ಹೊರಹಾಕುವುದು ನೀರು. ಶುದ್ಧವಾದ ಬಟ್ಟೆಯಿಂದ ಒತ್ತಿಹಿಡಿದು ರಕ್ತ ನಿಲ್ಲಿಸಿ, ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಬಿಟ್ಟು ಹಲವು ನಿಮಿಷ ತೊಳೆಯಬೇಕು. ನಲ್ಲಿಯ ನೀರಾದರೂ ಆದೀತು, ಕಾಯಿಸಿ ಆರಿಸಿದ್ದಾದರೂ ಆದೀತು.

ಪೆನಿಸಿಲಿನ್ನನ್ನು 1928ರಲ್ಲಿ ಕಂಡ ಅಲೆಕ್ಸಾಂಡರ್ ಫ್ಲೆಮಿಂಗರು, ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರ ಗಾಯಗಳನ್ನು ಪರಿಶೀಲಿಸಿದ್ದವರು. ಆಳವಾದ ಗಾಯಕ್ಕೆ ಸುರಿದ ಕ್ರಿಮಿನಾಶಕವು ಕ್ರಿಮಿಗಿಂತ ಹೆಚ್ಚಾಗಿ ದೇಹದ ಕಾವಲು ಕಣಗಳನ್ನೇ ಕೊಲ್ಲುತ್ತದೆಂದು ಆಗಲೇ ತೋರಿಸಿದ್ದರು. 1945ರ ನೊಬೆಲ್ ಉಪನ್ಯಾಸದಲ್ಲಿ ಅವರೇ ಎಚ್ಚರಿಸಿದರು: ಸಾಲದಷ್ಟು ಪೆನಿಸಿಲಿನ್ ಸೇವಿಸಿದರೆ ಸಾಯದ ರೋಗಾಣು ಮದ್ದಿಗೆ ಒಗ್ಗಿಕೊಳ್ಳುತ್ತದೆ. ನಮ್ಮ ಎರಡು ಕ್ಯಾಪ್ಸೂಲಿನ ಚಿಕಿತ್ಸೆಯೆಂದರೆ ಅದೇ ತಾನೆ?

ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಕ್ಯಾಪ್ಸೂಲು ನುಂಗಿದ ಧೈರ್ಯದಲ್ಲಿ ಧನುರ್ವಾಯುವಿನ ಚುಚ್ಚುಮದ್ದು ಮರೆತುಹೋಗುತ್ತದೆ. ಆ ರೋಗದ ಬೀಜ ಮಣ್ಣಿನಲ್ಲಿದೆ, ಕೊಟ್ಟಿಗೆಯ ಗೊಬ್ಬರದಲ್ಲಿದೆ. ಅದನ್ನು ತಡೆಯುವುದು ಲಸಿಕೆಯೇ ಹೊರತು ಕ್ಯಾಪ್ಸೂಲಲ್ಲ. ಬಾಲ್ಯದ ಲಸಿಕೆಗಳೆಲ್ಲ ಆಗಿದ್ದರೂ, ಮಣ್ಣು ತಗುಲಿದ ಗಾಯವಾದಾಗ ಕಡೆಯ ಚುಚ್ಚುಮದ್ದಿಗೆ 5 ವರ್ಷ ಕಳೆದಿದ್ದರೆ ಮತ್ತೊಂದು ಬೇಕು.

ಎಲ್ಲ ಗಾಯವೂ ಸಾಧಾರಣವಲ್ಲ. ಆಳಕ್ಕೆ ಇಳಿದ ಮುಳ್ಳು, ಮೂಳೆ ಕಾಣುವ ಕೊಡಲಿಯೇಟು, ಮಧುಮೇಹಿಯ ಕಾಲಿನ ಗಾಯ, ಪ್ರಾಣಿ ಕಚ್ಚಿದ್ದು ಇವನ್ನು ವೈದ್ಯರೇ ನೋಡಬೇಕು. ಆಂಟಿಬಯಾಟಿಕ್ ಬೇಕೇ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ನಾಯಿ ಕಚ್ಚಿದರೆ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಹೊರಡಬೇಕು. ಉಳಿದ ಗಾಯಗಳಿಗೆ ದಿನಕ್ಕೊಮ್ಮೆ ಕಟ್ಟು ಬಿಚ್ಚಿ ನೋಡಿದರೆ ಸಾಕು. ನೋವು ಇಳಿಯುವ ಬದಲು ಏರಿದರೆ, ಕೆಂಪು ಹರಡಿದರೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನವೂ ತಪ್ಪದೆ ನುಂಗಬೇಕು.