ಹಳೇ ಟ್ರೇಲರ್ ಬಾಗಿಲು: ತಪ್ಪು ಬೀಗದ್ದೇ ಇರಬೇಕಿಲ್ಲ

ಕಾರಿನ ಹಿಂದೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಮನೆಗಳಿಗೆ, ಅಂದರೆ ಟ್ರಾವೆಲ್ ಟ್ರೇಲರ್‌ಗಳಿಗೆ, ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಭಾರಿ ಬೇಡಿಕೆ ಬಂತು. 1950-60ರ ದಶಕದ ಏರ್‌ಸ್ಟ್ರೀಮ್, ಶಾಸ್ತಾ ಗಾಡಿಗಳನ್ನು ಜನ ಈಗಲೂ ಹುಡುಕಿ ಕೊಂಡು ರಿಪೇರಿ ಮಾಡುತ್ತಾರೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಡುವುದು ಬಾಗಿಲ ಬೀಗ. ಆ ಕಾಲದ ಬಹಳಷ್ಟು ಟ್ರೇಲರ್‌ಗಳಿಗೆ ಹಾಕುತ್ತಿದ್ದದ್ದು ಬಾರ್ಗ್‌ಮನ್ ಬೀಗ. ಎಲ್-66 ಅದರ ಹೆಸರಾಂತ ಮಾದರಿ.

ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಬಾಗಿಲು ತೆರೆದಿಟ್ಟುಕೊಂಡೇ ಹಿಡಿ ತಿರುಗಿಸಿ ನೋಡಿ. ಬೀಗದ ನಾಲಿಗೆ ಸಲೀಸಾಗಿ ಒಳಹೋಗಿ, ಬಿಟ್ಟ ಕೂಡಲೇ ಟಕ್ಕನೆ ಹೊರಬಂದರೆ ಬೀಗ ಚೆನ್ನಾಗಿಯೇ ಇದೆ. ತಪ್ಪು ಬಾಗಿಲದ್ದೋ ಚೌಕಟ್ಟಿನದೋ ಇರಬೇಕು. ಗಾಡಿಯ ಮೂಲೆಗಳಲ್ಲಿರುವ ಜಾಕ್‌ಗಳು ಅಲುಗಾಟ ತಡೆಯುವುದಕ್ಕೆ, ಭಾರ ಎತ್ತುವುದಕ್ಕಲ್ಲ. ಅವುಗಳಿಂದಲೇ ಒಂದು ಮೂಲೆ ಎತ್ತಿದರೆ ಗಾಡಿಯ ಮೈಯೇ ತಿರುಚಿಕೊಂಡು ಬಾಗಿಲು ಕಚ್ಚಿಕೊಳ್ಳುತ್ತದೆ. ಜಾಕ್ ಸಡಿಲಿಸಿ, ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸಿ, ಆಮೇಲೆ ನಾಲಿಗೆಯ ತುದಿಗೆ ಒಂದಿಷ್ಟು ಲಿಪ್‌ಸ್ಟಿಕ್ (ಮನೆಯವರನ್ನು ಕೇಳಿಯೇ ತೆಗೆದುಕೊಳ್ಳಿ) ಸವರಿ ಬಾಗಿಲು ಹಾಕಿ. ಚೌಕಟ್ಟಿನ ತಗಡಿನ ಮೇಲೆ ಗುರುತು ನಾಲಿಗೆ ಕೂರುವ ರಂಧ್ರಕ್ಕಿಂತ ಕೆಳಗೆ ಬಿದ್ದಿದ್ದರೆ ಬಾಗಿಲು ಜೋತಿದೆ ಎಂದರ್ಥ. ಕೀಲುಗಳನ್ನು ಸರಿಪಡಿಸಿ, ಇಲ್ಲವೆ ಆ ತಗಡನ್ನೇ ತುಸು ಇಳಿಸಿ.

ನಾಲಿಗೆಯೇ ಅಲುಗದಿದ್ದರೆ ಬೀಗ ಬಿಚ್ಚಬೇಕು. ಸಾಮಾನ್ಯವಾಗಿ ಒಳಗೆ ಕಾಣುವುದು ಗಟ್ಟಿಕಟ್ಟಿದ ಹಳೇ ಗ್ರೀಸ್, ಸೋತ ಸ್ಪ್ರಿಂಗ್. ತೊಳೆದು, ಸ್ಪ್ರಿಂಗ್ ಬದಲಿಸಿದರೆ ಎಷ್ಟೋ ಬೀಗಗಳು ಮತ್ತೆ ನಡೆಯುತ್ತವೆ. ಕೀಲಿ ತೂರುವ ಕಡೆ ಮಾತ್ರ ಎಣ್ಣೆ ಬೇಡ, ಅದು ಧೂಳು ಹಿಡಿಯುತ್ತದೆ. ಗ್ರಾಫೈಟ್ ಪುಡಿ ಸಾಕು. ಸತುವಿನ ಮಿಶ್ರಲೋಹದ ಎರಕದ ಭಾಗ ಬಿರುಕುಬಿಟ್ಟಿದ್ದರೆ ಬೆಸುಗೆಯ ಆಸೆ ಬಿಡಿ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಬೆಸುಗೆಯ ಶಾಖಕ್ಕೆ ಭಾಗವೇ ಸೋರಿಹೋದೀತು. ಕೀಲಿ ಕಳೆದಿದ್ದರೆ ಬೀಗದ ಮೇಲೆ ಕೆತ್ತಿದ ಸಂಖ್ಯೆ ಇದೆಯೇ ನೋಡಿ. ಅದರಿಂದಲೇ ಕೀಲಿ ಮಾಡಿಕೊಡುವವರಿದ್ದಾರೆ.

ಬದಲಿಸಲೇಬೇಕೆಂದಾದರೆ ಅಳತೆ ಮೊದಲು, ಖರೀದಿ ಆಮೇಲೆ: ಬಾಗಿಲ ದಪ್ಪ, ಕೊರೆದ ಕಿಂಡಿಯ ಉದ್ದಗಲ, ಸ್ಕ್ರೂ ತೂತುಗಳ ನಡುವಿನ ಅಂತರ, ಬಾಗಿಲು ಎಡಕ್ಕೆ ತೆರೆಯುತ್ತದೋ ಬಲಕ್ಕೋ. ಹೊಸ ಬೀಗ ಕೂರಲಿಲ್ಲವೆಂದು ಕಿಂಡಿಯನ್ನು ಅರದಿಂದ ಉಜ್ಜಿ ಹಿಗ್ಗಿಸುವವರನ್ನು ಕಂಡರೆ ನನಗೆ ಸಿಟ್ಟು. ಬೀಗ ಇನ್ನೊಂದು ಸಿಕ್ಕೀತು, ಅರವತ್ತು ವರ್ಷದ ಅಲ್ಯೂಮಿನಿಯಂ ಹೊದಿಕೆ ಸಿಗುವುದಿಲ್ಲ. ಕೂರಿಸುವಾಗ ಅಂಚಿಗೆ ಬ್ಯೂಟೈಲ್ ಟೇಪ್ ಕೊಟ್ಟರೆ ಮಳೆನೀರು ಒಳಗಿನ ಮರಕ್ಕೆ ಇಳಿಯದು.

ಒಳಗಿನಿಂದಲೂ ಕೀಲಿ ಹಾಕಿಯೇ ತೆರೆಯಬೇಕಾದ ಬೀಗವನ್ನು ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಹಾಕಿಸಬೇಡಿ. ಗ್ಯಾಸ್ ಒಲೆ ಉರಿಯುವ ಅಷ್ಟು ಚಿಕ್ಕ ಜಾಗಕ್ಕೆ ಸಾಮಾನ್ಯವಾಗಿ ಇರುವುದು ಅದೊಂದೇ ಬಾಗಿಲು.