ಖಾಲಿ ಆಕಾಶಕ್ಕೆ 1,400 ಶೆಲ್

1942ರ ಫೆಬ್ರವರಿ 25ರ ನಸುಕು. ಲಾಸ್ ಏಂಜಲೀಸ್‌ನಲ್ಲಿ ಸೈರನ್ ಕೂಗಿತು, ಊರಿಗೆ ಊರೇ ದೀಪ ಆರಿಸಿತು. ಫಿರಂಗಿಗಳು ಆಕಾಶಕ್ಕೆ 1,400ಕ್ಕೂ ಹೆಚ್ಚು ಶೆಲ್ ಹಾರಿಸಿದವು. ಉರುಳಿದ್ದೇನು? ಒಂದು ವಿಮಾನವೂ ಇಲ್ಲ! ಶೆಲ್ ಚೂರುಗಳೇ ಮನೆ, ಕಾರುಗಳ ಮೇಲೆ ಸುರಿದವು.

ಪರ್ಲ್ ಹಾರ್ಬರ್ ದಾಳಿಯಾಗಿ ಮೂರು ತಿಂಗಳೂ ಕಳೆದಿರಲಿಲ್ಲ. 23ರ ಸಂಜೆಯಷ್ಟೇ ಜಪಾನಿನ ಜಲಾಂತರ್ಗಾಮಿಯೊಂದು ಅದೇ ಕರಾವಳಿಯ ಎಲ್‌ವುಡ್ ತೈಲ ನೆಲೆಗೆ ಗುಂಡು ಹಾರಿಸಿತ್ತು. ಜೀವ ಕೈಯಲ್ಲಿ ಹಿಡಿದವರಿಗೆ ಹವಾಮಾನ ಬಲೂನೂ ಶತ್ರು ವಿಮಾನವೇ, ಪಾಪ.

ಮರುದಿನದ ಪತ್ರಿಕೆಯಲ್ಲೊಂದು ಫೋಟೊ: ಸರ್ಚ್‌ಲೈಟ್‌ಗಳೆಲ್ಲ ಕೂಡಿದಲ್ಲಿ ಬೆಳ್ಳನೆಯ ಮಚ್ಚೆ. ಯುದ್ಧದ ದಿನಗಳಲ್ಲಿ ಜನರ ಮನಸ್ಸಿನಲ್ಲಿದ್ದದ್ದು ಜಪಾನ್. ದಶಕಗಳ ನಂತರ ಅದೇ ಮಚ್ಚೆ ಕೆಲವರಿಗೆ ಅನ್ಯಗ್ರಹದ ಹಾರುವ ತಟ್ಟೆಯಾಯಿತು. ಅಂದಹಾಗೆ, ಅಚ್ಚಿಗೆ ಹೋಗುವ ಮುನ್ನ ಆ ಫೋಟೊವನ್ನು ಬಣ್ಣ ಬಳಿದು ತಿದ್ದಲಾಗಿತ್ತು.